ಮನೆ ಮಾರಿದವರ ಹಣ, ಮಾರಿಸಿದವರ ಪಾಲು: ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕಮಿಷನ್ ಮತ್ತು ನಿಗದಿ ಶುಲ್ಕದ ಪ್ರಶ್ನೆ

ಸಾಗರದ ಕೃಷಿ ಮಾರುಕಟ್ಟೆಯಲ್ಲಿ ಅಡಿಕೆ ಮೂಟೆ ಇಳಿಸಿದ ಬೆಳೆಗಾರನಿಗೆ ಆ ದಿನದ ಧಾರಣೆ ತಿಳಿಯಲು ಯಾರ ಹಂಗೂ ಬೇಕಿಲ್ಲ. ರಾಶಿ, ಚಾಲಿ, ಬಿಳೆಗೋಟು, ಸಿಪ್ಪೆಗೋಟು ಎಂದು ಬೇರೆ ಬೇರೆ ಲಾಟು ಹಾಕಿರುತ್ತಾರೆ. ಖರೀದಿದಾರರು ಒಂದು ಹಿಡಿ ಎತ್ತಿ, ಒಂದೆರಡು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡಿ ಟೆಂಡರ್ ಹಾಕುತ್ತಾರೆ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ದಲಾಲಿ ಮಂಡಿ ನಡೆಸುವವರಿಗೆ ಪರವಾನಗಿ ಬೇಕು. ಮಂಡಿಯ ದರ ಒಪ್ಪಿಗೆಯಾಗದಿದ್ದರೆ 1939ರಲ್ಲಿ ಹುಟ್ಟಿದ ಸಹಕಾರ ಸಂಘ ಮ್ಯಾಮ್ಕೋಸ್ ಇದೆ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಇದೆ. ಹೀಗಾಗಿ ಶೇಕಡಾವಾರು ದಲಾಲಿಯಿಂದ ಬೆಳೆಗಾರನಿಗೆ ದೊಡ್ಡ ಹೊಡೆತ ಬೀಳುವುದಿಲ್ಲ. ಬೆಲೆ ಎಲ್ಲರ ಕಣ್ಣೆದುರಿಗೇ ಇರುತ್ತದೆ.

ಅದೇ ಬೆಳೆಗಾರ ಮನೆ ಮಾರಲು ಹೊರಟಾಗ ಈ ಯಾವ ಆಸರೆಯೂ ಇರುವುದಿಲ್ಲ. ಟೆಂಡರ್ ಇಲ್ಲ, ಧಾರಣೆ ಪಟ್ಟಿ ಇಲ್ಲ, ಸಹಕಾರ ಸಂಘವೂ ಇಲ್ಲ. ಮನೆ ಎಷ್ಟಕ್ಕೆ ಹೋದೀತು ಎಂಬುದು ಗೊತ್ತಿರುವವನು ದಲ್ಲಾಳಿ ಒಬ್ಬನೇ. ಅವನ ಆದಾಯವೂ ಅದೇ ಬೆಲೆಗೆ ಗಂಟು ಬಿದ್ದಿರುತ್ತದೆ. ಮನೆ ಮಾರಿಸಿದವರಿಗೆ ಬೆಲೆಯ ಮೇಲೆ ಶೇಕಡಾ ಇಷ್ಟೆಂದು ಕೊಡುವುದು ಸರಿಯೇ, ಇಡೀ ಕೆಲಸಕ್ಕೆ ಇಷ್ಟೆಂದು ನಿಗದಿ ಮಾಡುವುದು ಸರಿಯೇ ಎಂಬ ಪ್ರಶ್ನೆ ಬೆಂಗಳೂರು, ಲಂಡನ್, ಶಿಕಾಗೊಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಶಿವಮೊಗ್ಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಅದಕ್ಕೆ ಸಿಗುವ ಉತ್ತರ ಆ ಊರುಗಳ ಉತ್ತರವಲ್ಲ. ಇಲ್ಲಿ ಮನೆ ಮಾರುವುದೆಂದರೆ ಅರ್ಧ ಕೆಲಸ ಗಿರಾಕಿ ಹುಡುಕುವುದು, ಉಳಿದರ್ಧ ಕಾಗದಪತ್ರ ಸರಿಮಾಡುವುದು. ಈ ಎರಡಕ್ಕೂ ಒಂದೇ ರೀತಿಯಲ್ಲಿ ಸಂಭಾವನೆ ಕೊಡುವುದರಲ್ಲೇ ತೊಡಕು ಹುಟ್ಟುತ್ತದೆ.

ರೂಢಿಯಲ್ಲಿರುವುದು ಬೆಲೆಯ ಶೇ. 1ರಿಂದ 2ರಷ್ಟು ಕಮಿಷನ್. ಬಹಳ ಸಲ ಮಾರುವವರು, ಕೊಳ್ಳುವವರು ಇಬ್ಬರೂ ಕೊಡುತ್ತಾರೆ. ದಲ್ಲಾಳಿ ‘ಪಾರ್ಟಿ’ಯನ್ನು ಕರೆತಂದು ಮನೆ, ಬಾವಿ, ಕೊಟ್ಟಿಗೆ ತೋರಿಸಿ, ವ್ಯಾಪಾರ ಕುದುರಿಸಿ, ಮುಂಗಡ ಕೊಡಿಸಿ, ಉಪನೋಂದಣಾಧಿಕಾರಿ ಕಚೇರಿಯವರೆಗೂ ಜೊತೆಗಿರುತ್ತಾನೆ. ವ್ಯಾಪಾರ ಆಗದಿದ್ದರೆ ಅವನಿಗೆ ಬಿಡಿಗಾಸೂ ಸಿಗದು. ಕಮಿಷನ್ ಪದ್ಧತಿಯ ದೊಡ್ಡ ಬಲ ಇದೇ: ಕೈಯಲ್ಲಿ ಹಣವಿಲ್ಲದ ಮನೆಯವರೂ ದಲ್ಲಾಳಿಯನ್ನು ಗೊತ್ತುಮಾಡಬಹುದು. 1872ರ ಭಾರತೀಯ ಕರಾರು ಅಧಿನಿಯಮದ 219ನೇ ಪ್ರಕರಣ ಹೇಳುವುದೂ ಇದನ್ನೇ. ಬೇರೆ ಕರಾರು ಇಲ್ಲದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿಯುವವರೆಗೆ ಏಜೆಂಟನ ಸಂಭಾವನೆ ಬಾಕಿಯಾಗುವುದಿಲ್ಲ.

ಆದರೆ ಶೇಕಡಾವಾರು ಲೆಕ್ಕ ದಲ್ಲಾಳಿಯನ್ನು ಮಾರುವವರ ಪರವಾಗಿ ನಿಲ್ಲಿಸುತ್ತದೆ ಎಂಬ ನಂಬಿಕೆಯನ್ನು ಅಂಕಿಗಳಲ್ಲೇ ಪರೀಕ್ಷಿಸಬೇಕು. 60 ಲಕ್ಷ ರೂಪಾಯಿ ಬೆಲೆಬಾಳುವ ಒಂದು ಮನೆಯನ್ನು 57 ಲಕ್ಷಕ್ಕೆ ಯಾರೋ ಕೇಳಿದ್ದಾರೆ ಎಂದಿಟ್ಟುಕೊಳ್ಳೋಣ. ಇನ್ನು ಮೂರು ತಿಂಗಳು ಕಾದರೆ ಪೂರ್ತಿ ಬೆಲೆ ಸಿಗಬಹುದು. ಕಾಯುವುದರಿಂದ ಮನೆಯವರಿಗೆ ಬರುವುದು 3 ಲಕ್ಷ. ಮಾರುವವರ ಕಡೆಯಿಂದ ಶೇ. 2 ಪಡೆಯುವ ದಲ್ಲಾಳಿಗೆ ಹೆಚ್ಚುವರಿಯಾಗಿ ಬರುವುದು 6,000 ರೂಪಾಯಿ. ಅಷ್ಟಕ್ಕೆ ಅವನು ಮೂರು ತಿಂಗಳು ಓಡಾಡಬೇಕು, ಬೇರೊಬ್ಬ ದಲ್ಲಾಳಿ ನಡುವೆ ಬಂದು ವ್ಯಾಪಾರ ಮುಗಿಸುವ ಅಪಾಯವನ್ನೂ ಹೊರಬೇಕು. ‘ಬಂದ ಗಿರಾಕಿ ಬಿಡಬೇಡಿ’ ಎಂದು ಅವನು ಹೇಳಿದರೆ ಅದು ದುರುದ್ದೇಶವಲ್ಲ, ಅವನ ಸಂಭಾವನೆಯ ಲೆಕ್ಕಾಚಾರವೇ ಹಾಗಿದೆ.

ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿತು. ಶಿಕಾಗೊ ಸುತ್ತಮುತ್ತಲ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಅವರು ಹೋಲಿಸಿ ನೋಡಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸರಾಸರಿ ಒಂಬತ್ತೂವರೆ ದಿನ ಹೆಚ್ಚು ಕಾದಿದ್ದರು, ಸುಮಾರು ಶೇ. 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಬಗ್ಗೆ ಹೆಂಡೆಲ್, ನೆವೊ ಮತ್ತು ಒರ್ಟಾಲೊ-ಮ್ಯಾನ್ಯೆ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಗ್ಗುಲನ್ನು ತೆರೆದಿಟ್ಟಿತು. ಅಲ್ಪ ಶುಲ್ಕ ಕಟ್ಟಿ ಜಾಹೀರಾತು ಹಾಕಿ ತಾವೇ ಮಾರಿಕೊಂಡವರಿಗೆ ಏಜೆಂಟರ ಮೂಲಕ ಮಾರಿದವರಿಗಿಂತ ಕಡಿಮೆ ಬೆಲೆಯೇನೂ ಬಂದಿರಲಿಲ್ಲ. ಆದರೆ ಮಾರಾಟಕ್ಕೆ ಸಮಯ ಹೆಚ್ಚು ಹಿಡಿದಿತ್ತು, ಒಂದಷ್ಟು ಮನೆಗಳು ಅಲ್ಲಿ ಮಾರಾಟವಾಗದೆ ಮತ್ತೆ ಏಜೆಂಟರ ಕೈಗೇ ಹೋಗಿದ್ದವು.

ಹಾಗೆಂದು ನಿಗದಿ ಶುಲ್ಕವೇ ಮದ್ದು ಎನ್ನುವಂತಿಲ್ಲ. ಬ್ರಿಟನ್ನಿನ ಪರ್ಪಲ್‌ಬ್ರಿಕ್ಸ್ ಕಂಪನಿ 2014ರಿಂದ ನಿಗದಿ ಶುಲ್ಕಕ್ಕೆ ಮನೆ ಮಾರಿಸುವ ವ್ಯವಹಾರ ನಡೆಸಿತು. ಮನೆ ಮಾರಾಟವಾಗಲಿ ಬಿಡಲಿ, ಮನೆಯವರು ಶುಲ್ಕ ಕೊಡಬೇಕಿತ್ತು. ಒಂದು ಕಾಲಕ್ಕೆ ಷೇರುಪೇಟೆಯಲ್ಲಿ ಮೆರೆದ ಈ ಕಂಪನಿ 2023ರಲ್ಲಿ ಕೇವಲ ಒಂದು ಪೌಂಡಿಗೆ ಪ್ರತಿಸ್ಪರ್ಧಿಯ ಪಾಲಾಯಿತು. ಹಣ ಮೊದಲೇ ಕೈಸೇರಿದವನಿಗೆ ಮನೆ ಮಾರಿಸುವ ತುರ್ತು ಎಲ್ಲಿಂದ ಬರಬೇಕು ಎಂದು ಗಿರಾಕಿಗಳು ಕೇಳಿದ್ದು ನ್ಯಾಯವೇ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನೋಬ್ರೋಕರ್‌ನಂಥ ವೇದಿಕೆಗಳು ದೊಡ್ಡ ನಗರದ ಫ್ಲ್ಯಾಟುಗಳಿಗೆ ಹೊಂದುತ್ತವೆ. ಒಂದೇ ಕಟ್ಟಡದಲ್ಲಿ ಒಂದೇ ಅಳತೆಯ ನೂರು ಮನೆಗಳಿರುವಲ್ಲಿ ಬೆಲೆ ತಾನೇ ತಿಳಿಯುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ತೊಟ್ಟಿಮನೆಗೆ ಚದರಡಿ ಲೆಕ್ಕ ಕೂರುವುದಿಲ್ಲ. ಕುಪ್ಪಳಿಯ ಕವಿಮನೆಯನ್ನು ಕಂಡವರಿಗೆ ಆ ಬಗೆಯ ಮನೆಯ ಮೌಲ್ಯ ಗೋಡೆಗಿಂತ ಹೆಚ್ಚಾಗಿ ಕಂಬ, ತೊಲೆ, ಬಾಗಿಲವಾಡಗಳಲ್ಲಿ ಇರುತ್ತದೆಂದು ಗೊತ್ತು. ಕೊಳ್ಳುವವರಲ್ಲಿ ಒಬ್ಬರಿಗೆ ವಾಸಕ್ಕೆ ಮನೆ ಬೇಕು, ಇನ್ನೊಬ್ಬರಿಗೆ ಹೋಂಸ್ಟೇ ಮಾಡಬೇಕು, ಮತ್ತೊಬ್ಬರಿಗೆ ಮನೆ ಬಿಚ್ಚಿ ಮರ ಸಾಗಿಸಬೇಕು. ಮೂವರ ಬಾಯಲ್ಲೂ ಮೂರು ಬೆಲೆ. ಜೊತೆಗೆ ಪೇಟೆಯೂ ಬದಲಾಗುತ್ತಿದೆ. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ತೋಟ ಸಹಿತ ಮನೆ ಕೊಳ್ಳಬಹುದಾಗಿದೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಲಾಂಚ್‌ಗೆ ಕಾದು ನಿಲ್ಲಬೇಕಿದ್ದ ಕಾಲದ ಬೆಲೆಯನ್ನೇ ಹಿನ್ನೀರಿನಾಚೆಯವರು ಇಂದಿಗೂ ಮನಸ್ಸಿನಲ್ಲಿಟ್ಟುಕೊಂಡರೆ ನಷ್ಟ ಅವರಿಗೇ. ಸರ್ಕಾರದ ಮಾರ್ಗಸೂಚಿ ದರ ಇದೆಯಲ್ಲ ಎನ್ನಬಹುದು. ಅದು ಮುದ್ರಾಂಕ ಶುಲ್ಕ ವಸೂಲಿಗೆ ಗೊತ್ತುಮಾಡಿದ ಕನಿಷ್ಠ ದರ, ಪೇಟೆಯ ಬೆಲೆಯಲ್ಲ.

ಕಾಯುವುದರ ಬೆಲೆಯೂ ಇಲ್ಲಿ ಬೇರೆ. ಶಿಕಾಗೊದಲ್ಲಿ ಒಂಬತ್ತು ದಿನ ಕಾದರೆ ಒಂಬತ್ತೇ ದಿನ. ಆಗುಂಬೆಯ ಸೀಮೆಯಲ್ಲಿ ಮೇ ತಿಂಗಳಿನಲ್ಲಿ ತಪ್ಪಿದ ಗಿರಾಕಿಯನ್ನು ಮಳೆಗಾಲ ಮುಗಿಯುವವರೆಗೆ ಹುಡುಕುವುದು ಕಷ್ಟ. ಬೀಗ ಹಾಕಿದ ಹೆಂಚಿನ ಮನೆಗೆ ಒಂದು ಮಳೆಗಾಲವೆಂದರೆ ಸೋರಿಕೆ, ಗೆದ್ದಲು, ರಿಪೇರಿ ಖರ್ಚು. ಆದ್ದರಿಂದ ‘ಕಾಯಿರಿ’ ಎಂಬ ಸಲಹೆಯನ್ನು ಮಲೆನಾಡಿನಲ್ಲಿ ಕಣ್ಣು ಮುಚ್ಚಿ ಕೊಡಲಾಗದು. ದೀಪಾವಳಿಯ ಹೊತ್ತಿಗೆ ಕಾಗದಪತ್ರ ಸಿದ್ಧವಿದ್ದರೆ ಬೇಸಿಗೆಯಿಡೀ ಕಾಯಬಹುದು. ಏಪ್ರಿಲ್‌ನಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿದವರಿಗೆ ಆ ಅವಕಾಶವಿಲ್ಲ.

ಕಾಗದಪತ್ರದ ಮಾತೇ ಈ ಚರ್ಚೆಯ ತಿರುಳು. ಮನೆ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. ವಂಶವೃಕ್ಷ ತೆಗೆಸಬೇಕು, ಪೌತಿ ಖಾತೆ ಮಾಡಿಸಬೇಕು, ಹಿಸ್ಸೆದಾರರೆಲ್ಲ ರುಜು ಹಾಕಬೇಕು. 1994ರ ರಾಜ್ಯ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಸಂಶಯ ಉಳಿದಿಲ್ಲ. ಬೆಂಗಳೂರಿನ ಅಕ್ಕ, ಅಮೆರಿಕದ ತಂಗಿ ಇಬ್ಬರ ಸಹಿಯೂ ಬೇಕೇ ಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕು. ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ಫಾರಂ 9, 11 ಬೇಕು. ಭೂಪರಿವರ್ತನೆ ಆಗದ ಜಾಗದಲ್ಲಿ ಮನೆ ಕಟ್ಟಿದ್ದರೆ ಅಲ್ಲೇ ಮೊದಲ ತಡೆ. ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಿಗೆ 15 ವರ್ಷಗಳ ಪರಭಾರೆ ನಿಷೇಧವಿತ್ತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಗೆ 1978ರ ಕಾಯ್ದೆಯ ರಕ್ಷಣೆ ಇದೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಎದ್ದು ಬಂದವರ ಎಷ್ಟೋ ಕುಟುಂಬಗಳು ಪುನರ್ವಸತಿ ಭೂಮಿಯ ಹಕ್ಕುಪತ್ರದ ತೊಡಕಿನಲ್ಲಿ ಇಂದಿಗೂ ಸಿಕ್ಕಿಕೊಂಡಿವೆ. ತೋಟಕ್ಕೆ ಅಂಟಿಕೊಂಡ ಸೊಪ್ಪಿನಬೆಟ್ಟದ ಹಕ್ಕು ಅನುಭೋಗದ ಹಕ್ಕೇ ಹೊರತು ಮಾಲೀಕತ್ವವಲ್ಲ. ‘ಬೆಟ್ಟ ಸಹಿತ’ ಎಂದು ಬೆಲೆ ಹೇಳುವ ದಲ್ಲಾಳಿ ಇದನ್ನು ಕೊಳ್ಳುವವರಿಗೆ ಬಿಡಿಸಿ ಹೇಳಬೇಕು.

ಈ ದುಡಿಮೆಗೂ ಮನೆಯ ಬೆಲೆಗೂ ಸಂಬಂಧವೇ ಇಲ್ಲ. ರಿಪ್ಪನ್‌ಪೇಟೆ ಕಡೆಯ 25 ಲಕ್ಷದ ಮನೆಗೆ ಪೌತಿ ಖಾತೆ, ನಾಲ್ವರ ರುಜು, ನಕ್ಷೆ ಎಲ್ಲ ಆಗಬೇಕಿದ್ದರೆ ತಿಂಗಳುಗಟ್ಟಲೆ ಓಡಾಟ. ಸಾಗರ ಪೇಟೆಯೊಳಗೆ ಇ-ಖಾತೆ ಸರಿಯಿರುವ 80 ಲಕ್ಷದ ಮನೆಗೆ ಹೆಚ್ಚು ಓಡಾಟವಿಲ್ಲ. ಶೇ. 2ರ ಲೆಕ್ಕದಲ್ಲಿ ಮೊದಲನೆಯದಕ್ಕೆ 50,000, ಎರಡನೆಯದಕ್ಕೆ 1,60,000. ಕಷ್ಟದ ಕೆಲಸಕ್ಕೆ ಕಡಿಮೆ, ಸುಲಭದ ಕೆಲಸಕ್ಕೆ ಮೂರು ಪಟ್ಟು ಹೆಚ್ಚು ಕೂಲಿ. ಬಡವರ ಮನೆಯ ಕಾಗದಪತ್ರಕ್ಕೆ ದಲ್ಲಾಳಿಗಳು ಕೈಹಾಕಲು ಹಿಂಜರಿಯುವುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಇದೇ ವ್ಯವಹಾರದೊಳಗೆ ನಿಗದಿ ಶುಲ್ಕಕ್ಕೆ ದುಡಿಯುವವರು ಮೊದಲಿನಿಂದಲೂ ಇದ್ದಾರೆ. ಕ್ರಯಪತ್ರ ಬರೆಯುವ ಪರವಾನಗಿ ಪಡೆದ ಪತ್ರ ಬರಹಗಾರರು ಮತ್ತು ನಕ್ಷೆ ಮಾಡುವ ಭೂಮಾಪಕರು ಮನೆಯ ಬೆಲೆಯಲ್ಲಿ ಪಾಲು ಕೇಳುವವರಲ್ಲ. ಆ ಪದ್ಧತಿಯನ್ನೇ ಉಳಿದ ದಾಖಲೆ ಕೆಲಸಕ್ಕೂ ವಿಸ್ತರಿಸುವುದು ಹೊಸ ಸಾಹಸವಲ್ಲ.

ಕಮಿಷನ್, ನಿಗದಿ ಶುಲ್ಕ ಎರಡಕ್ಕಿಂತಲೂ ಕೆಟ್ಟದ್ದು ಮೂರನೆಯ ಪದ್ಧತಿ. ‘ನಮ್ಮ ಕೈಗೆ 40 ಲಕ್ಷ ಬಂದರೆ ಸಾಕು ಮಾರಾಯ್ರೇ, ಮೇಲಿನದು ನಿಮಗೆ’ ಎಂದು ಮನೆಯವರು ಹೇಳಿಬಿಡುತ್ತಾರೆ. ಕಮಿಷನ್ ಉಳಿಯಿತೆಂದು ಅವರಿಗೆ ನೆಮ್ಮದಿ. ಆ ಕ್ಷಣದಿಂದ ನಿಜವಾದ ಬೆಲೆಯನ್ನು ಮನೆಯವರಿಂದ ಮುಚ್ಚಿಡುವುದರಲ್ಲೇ ದಲ್ಲಾಳಿಯ ಲಾಭ. ಕೆಲವೊಮ್ಮೆ ಅಗ್ರಿಮೆಂಟ್ ಜೊತೆ ಜನರಲ್ ಪವರ್ ಆಫ್ ಅಟಾರ್ನಿಯನ್ನೂ ಬರೆಸಿಕೊಳ್ಳಲಾಗುತ್ತದೆ. ಅಂಥ ಪತ್ರದಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಏಜೆಂಟ್ ಆದವನು ಮಾಲೀಕನಿಗೆ ತಿಳಿಸದೆ ತನಗಾಗಿಯೇ ವ್ಯವಹರಿಸಿದರೆ ಆ ಲಾಭವನ್ನು ಮಾಲೀಕ ಕೇಳಬಹುದು ಎನ್ನುತ್ತದೆ ಕರಾರು ಅಧಿನಿಯಮದ 216ನೇ ಪ್ರಕರಣ. ಆದರೆ ‘ಮೇಲಿನದು ನಿಮಗೆ’ ಎಂದು ಬಾಯಾರೆ ಒಪ್ಪಿಕೊಟ್ಟವರಿಗೆ ಈ ರಕ್ಷಣೆ ದಕ್ಕಿಸಿಕೊಳ್ಳುವುದು ಸುಲಭವಲ್ಲ.

ರೇರಾ ಇದೆಯಲ್ಲ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. 2016ರ ಆ ಕಾಯ್ದೆಯ ಪ್ರಕಾರ ಏಜೆಂಟರ ನೋಂದಣಿ ಕಡ್ಡಾಯವಿರುವುದು ರೇರಾ ವ್ಯಾಪ್ತಿಯ ಯೋಜನೆಗಳ ನಿವೇಶನ, ಫ್ಲ್ಯಾಟುಗಳ ಮಾರಾಟಕ್ಕೆ. ಹೊಸನಗರದ ಹಳೆಯ ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಮಿಷನ್‌ಗೆ ಅದು ಮಿತಿಯನ್ನೂ ಹಾಕಿಲ್ಲ. ಒಂದು ಚೀಲ ಅಡಿಕೆ ಮಾರಿಸುವವನಿಗೆ ಪರವಾನಗಿ ಬೇಕು, ಒಂದು ಕುಟುಂಬದ ಇಡೀ ಆಸ್ತಿ ಮಾರಿಸುವವನಿಗೆ ಬೇಡ ಎಂಬ ಸ್ಥಿತಿ ಸರಿಯಲ್ಲ.

ಹಾಗಾದರೆ ಈ ತಾಲ್ಲೂಕುಗಳಿಗೆ ಒಗ್ಗುವುದು ದಾಖಲೆ ಕೆಲಸ, ಗಿರಾಕಿ ಹುಡುಕುವ ಕೆಲಸ ಎರಡನ್ನೂ ಬೇರ್ಪಡಿಸಿದ ಏರ್ಪಾಡು. ದಾಖಲೆ ಕೆಲಸಕ್ಕೆ ನಿಗದಿ ಶುಲ್ಕ, ಅದೂ ಹಂತ ಹಂತವಾಗಿ: ಪೌತಿ ಖಾತೆ ಆದಾಗ ಒಂದು ಪಾಲು, ನಕ್ಷೆ ಬಂದಾಗ ಒಂದು ಪಾಲು. ಗಿರಾಕಿ ಹುಡುಕುವ ಕೆಲಸಕ್ಕೆ ಏರುವ ಶೇಕಡಾ. ಮೇಲಿನ 60 ಲಕ್ಷದ ಮನೆಗೆ 55 ಲಕ್ಷದವರೆಗೆ ಶೇ. 1, ಅದರ ಮೇಲಿನ ಮೊತ್ತಕ್ಕೆ ಶೇ. 10 ಎಂದು ಗೊತ್ತುಮಾಡಿದರೆ 57 ಲಕ್ಷಕ್ಕೆ ಮಾರಿಸಿದವನಿಗೆ 75,000, 60 ಲಕ್ಷಕ್ಕೆ ಮಾರಿಸಿದವನಿಗೆ 1,05,000. ಕಾಯುವುದರಿಂದ ದಲ್ಲಾಳಿಗೆ ಸಿಗುವುದು 6,000 ಅಲ್ಲ, 30,000. ಆದರೂ ಗಿರಾಕಿ ಹುಡುಕಿದ್ದಕ್ಕೆ ಮನೆಯವರು ತೆರುವುದು ಶೇ. 2ರ ಕಮಿಷನ್ನಿಗಿಂತ ಕಡಿಮೆ. ಇದಕ್ಕೆ ಮೊದಲ ಮೆಟ್ಟಿಲಿನ ಬೆಲೆ ಸರಿಯಾಗಿ ಗೊತ್ತಾಗಬೇಕು. ಆ ಲೆಕ್ಕವನ್ನು ದಲ್ಲಾಳಿಯಿಂದಲೇ ಕೇಳುವ ಬದಲು, ಆಸುಪಾಸಿನಲ್ಲಿ ಈಚೆಗೆ ಮಾರಿದ ಎರಡು ಮೂರು ಮನೆಯವರನ್ನೇ ಕೇಳಿ ತಿಳಿಯಬೇಕು.

ಕೊಟ್ಟ ಹಣಕ್ಕೆ ರಸೀದಿ ಪಡೆಯುವುದು ಇನ್ನೂ ಒಂದು ಕಾರಣಕ್ಕೆ ಮುಖ್ಯ. ಮನೆ ಮಾರಾಟದ ಬಂಡವಾಳ ಲಾಭಕ್ಕೆ ತೆರಿಗೆ ಲೆಕ್ಕ ಹಾಕುವಾಗ ಮಾರಾಟಕ್ಕೆಂದೇ ಮಾಡಿದ ದಲ್ಲಾಳಿ ಖರ್ಚನ್ನು ಕಳೆಯಬಹುದು. ನಗದಿನಲ್ಲಿ ಕೊಟ್ಟು ಸುಮ್ಮನಾದವರು ಆ ಹಣಕ್ಕೂ ತೆರಿಗೆ ಕಟ್ಟಿದಂತೆ. ಮುಂಗಡವನ್ನೂ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವಂತಿಲ್ಲ. ಕೊಳ್ಳುವವರ ಹೊರೆಯೂ ಚಿಕ್ಕದಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ ಶೇ. 7.6ನ್ನು ಮುಟ್ಟುತ್ತದೆ. ಇಬ್ಬರಿಂದಲೂ ಕಮಿಷನ್ ಪಡೆಯುವ ದಲ್ಲಾಳಿ ಅದನ್ನು ಇಬ್ಬರಿಗೂ ಮೊದಲೇ ತಿಳಿಸುವುದು ಧರ್ಮ.

ಅಡಿಕೆಗೆ ನ್ಯಾಯದ ಬೆಲೆ ಕೊಡಿಸಲು ಎಂಟು ದಶಕಗಳ ಹಿಂದೆಯೇ ಸಂಘ ಕಟ್ಟಿದ ನಾಡು ಇದು. ಇಲ್ಲಿನ ಸೇವಾ ಸಹಕಾರಿ ಸಂಘಗಳು ಮನೆ, ಜಮೀನಿನ ಕಾಗದಪತ್ರ ಸರಿಮಾಡಿಕೊಡುವ ವಿಭಾಗವೊಂದನ್ನು ನಿಗದಿ ಶುಲ್ಕದಲ್ಲಿ ತೆರೆಯಬೇಕು. ಅವು ತೆರೆಯುವವರೆಗೆ ಮನೆ ಮಾರುವವರು ದಲ್ಲಾಳಿಯೊಂದಿಗೆ ಒಂದು ಹಾಳೆಯ ಕರಾರನ್ನಾದರೂ ಬರೆದುಕೊಳ್ಳಲಿ: ಯಾವ ಕೆಲಸಕ್ಕೆ ಎಷ್ಟು, ಯಾವಾಗ ಕೊಡಬೇಕು, ಕೊಳ್ಳುವವರಿಂದ ಅವನು ಎಷ್ಟು ಪಡೆಯುತ್ತಾನೆ. ಮುಂಗಡದ ಚೆಕ್ ಕೈಗೆ ಬರುವ ಮೊದಲೇ ಆ ಹಾಳೆಗೆ ಇಬ್ಬರ ರುಜು ಬಿದ್ದಿರಬೇಕು.