ಮೊದಲೇ ಕಟ್ಟಿಟ್ಟ ಪುಟಗಳು: ಬ್ಲಾಗಿನ ಒಂದು ಹಳೆಯ ಪದ್ಧತಿಯ ಚರಿತ್ರೆ

ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದರೆ ಬರಹದ ಕಡತಗಳನ್ನೂ ಪುಟದ ಮಾದರಿಯನ್ನೂ ಜೋಡಿಸಿ, ಓದುಗ ಬರುವ ಮೊದಲೇ ಎಲ್ಲ ಪುಟಗಳನ್ನು ಕಟ್ಟಿಡುವ ತಂತ್ರಾಂಶ. ವರ್ಡ್‌ಪ್ರೆಸ್‌ನಂಥವು ಹಾಗಲ್ಲ, ಓದುಗ ಕೇಳಿದಾಗ ಡೇಟಾಬೇಸಿನಿಂದ ಬರಹ ತೆಗೆದು ಆಗಲೇ ಪುಟ ಕಟ್ಟುತ್ತವೆ. ಹೋಟೆಲಿನ ಲೆಕ್ಕದಲ್ಲಿ ಮೊದಲನೆಯದು ಬೇಯಿಸಿಟ್ಟ ಇಡ್ಲಿ, ಎರಡನೆಯದು ಆರ್ಡರ್ ಬಂದ ಮೇಲೆ ಹುಯ್ಯುವ ದೋಸೆ. 2008ರಲ್ಲಿ ಬಂದ ಜೆಕಿಲ್‌ನಿಂದಲೇ ಈ ಇಡ್ಲಿ ಪದ್ಧತಿ ಶುರುವಾಯಿತೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಬ್ಲಾಗು ಹುಟ್ಟಿದ್ದೇ ಹೀಗೆ. ಡೇಟಾಬೇಸು ನಡುವೆ ಬಂದು ಸೇರಿಕೊಂಡದ್ದು. ಒಂದು ಪದ್ಧತಿ ಬಿದ್ದು ಮತ್ತೆ ಎದ್ದದ್ದಕ್ಕೆ ಅದರ ಗುಣದೋಷಕ್ಕಿಂತ ದೊಡ್ಡ ಕಾರಣ, ಪುಟ ಕಟ್ಟುವ ಖರ್ಚು ಯಾವ ಕಾಲದಲ್ಲಿ ಯಾರ ಮೇಲೆ ಬಿತ್ತು ಎಂಬುದೇ ಎಂದು ನನಗೆ ತೋರುತ್ತದೆ.

1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ಇಟ್ಟ ಮೊದಲ ಜಾಲತಾಣ ಬರೀ ಕಡತಗಳ ಗುಚ್ಛ. ಕೇಳಿದೊಡನೆ ಪುಟ ತಯಾರಿಸುವ ಸಿಜಿಐ ವಿಧಾನ 1993ರಲ್ಲೇ ಬಂದಿದ್ದರೂ ಮೊದಲ ತಲೆಮಾರಿನ ಬ್ಲಾಗರುಗಳು ಎಚ್‌ಟಿಎಂಎಲ್ಲನ್ನು ಕೈಯಾರೆ ಬರೆಯುತ್ತಿದ್ದರು. 1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ತಂದ ಬ್ಲಾಗರ್ ಸೇವೆ ಈ ಶ್ರಮವನ್ನು ತಪ್ಪಿಸಿತು. ಬ್ರೌಸರಿನ ಪೆಟ್ಟಿಗೆಯಲ್ಲಿ ಬರೆದು ಗುಂಡಿ ಒತ್ತಿದರೆ ಅದು ಪುಟ ಕಟ್ಟಿ, ಬರೆದವರ ಸ್ವಂತ ಸರ್ವರಿಗೆ ಎಫ್‌ಟಿಪಿ ಎಂಬ ಕಡತ ರವಾನೆಯ ವಿಧಾನದ ಮೂಲಕ ಕಳಿಸುತ್ತಿತ್ತು. 2001ರಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ ಬಿಡುಗಡೆ ಮಾಡಿದ ಮೂವಬಲ್ ಟೈಪ್ ಕೂಡ ಪುಟಗಳನ್ನು ಮುಂಚಿತವಾಗಿಯೇ ಕಟ್ಟುತ್ತಿತ್ತು. ಇವೆರಡನ್ನೂ ಯಾರೂ ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದು ಕರೆಯಲಿಲ್ಲ, ಅಷ್ಟೆ.

ಪದ್ಧತಿಗೆ ಪೆಟ್ಟು ಬಿದ್ದದ್ದು ಕಾಮೆಂಟುಗಳಿಂದ. ಒಂದು ಕಾಮೆಂಟ್ ಬಂದರೂ ಮೂವಬಲ್ ಟೈಪ್ ಸಂಬಂಧಪಟ್ಟ ಪುಟಗಳನ್ನು ಮತ್ತೆ ಕಟ್ಟಬೇಕು. ಬರಹಗಳು ಹೆಚ್ಚಿದಂತೆ ಕಾಯುವ ಹೊತ್ತೂ ಹೆಚ್ಚುತ್ತಿತ್ತು. ಇದರ ಮೇಲೆ ಸ್ಪ್ಯಾಮ್ ಕಾಮೆಂಟುಗಳ ದಾಳಿ ಶುರುವಾದಾಗ ಬಾಡಿಗೆ ಸರ್ವರುಗಳು ಏದುಸಿರು ಬಿಟ್ಟವು. 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ವರ್ಡ್‌ಪ್ರೆಸ್‌ಗೆ ಈ ತೊಡಕಿರಲಿಲ್ಲ. ಮರುವರ್ಷ ಮೂವಬಲ್ ಟೈಪ್‌ನ ಮೂರನೇ ಆವೃತ್ತಿ ಉಚಿತ ಬಳಕೆಯನ್ನು ಒಬ್ಬ ಲೇಖಕ, ಮೂರು ಬ್ಲಾಗುಗಳಿಗೆ ಸೀಮಿತಗೊಳಿಸಿದಾಗ ಜನ ಗುಂಪಾಗಿ ಎದ್ದು ಹೋದರು. ವರ್ಡ್‌ಪ್ರೆಸ್‌ಗೆ ಬೇಕಾದ ಪಿಎಚ್‌ಪಿ ಭಾಷೆ, ಮೈಎಸ್‌ಕ್ಯೂಎಲ್ ಡೇಟಾಬೇಸು ಎರಡೂ ಇರುವ ಜಾಗ ಅಗ್ಗದ ಬಾಡಿಗೆಗೆ ಸಿಗುತ್ತಿದ್ದ ಕಾಲ ಅದು. ವರ್ಡ್‌ಪ್ರೆಸ್ ಗೆಲುವಿನಲ್ಲಿ ಹಣಕಾಸಿನ ಪಾಲು ಸಣ್ಣದಲ್ಲ. ಮೊದಲೇ ಕಟ್ಟಿಡುವ ಪದ್ಧತಿಯ ಗುಣವನ್ನು ವರ್ಡ್‌ಪ್ರೆಸ್ ಬಳಗವೇ ಒಪ್ಪಿಕೊಂಡಿತು: ಓದುಗರು ಒಮ್ಮೆಲೇ ನುಗ್ಗಿದರೆ ಡೇಟಾಬೇಸು ಕುಸಿಯುತ್ತಿದ್ದುದರಿಂದ 2007ರ ಹೊತ್ತಿಗೆ ಪುಟಗಳನ್ನು ಕಟ್ಟಿ ಕಡತವಾಗಿ ಇಟ್ಟುಕೊಳ್ಳುವ ಡಬ್ಲ್ಯುಪಿ ಸೂಪರ್ ಕ್ಯಾಶ್ ಎಂಬ ಪ್ಲಗಿನ್ ಬಂತು. ಅಂದರೆ ಹೊರಗೆ ಹಾಕಿದ್ದು ಹಿತ್ತಿಲ ಬಾಗಿಲಿಂದ ಒಳಗೆ ಬಂತು.

ಈ ಪದ್ಧತಿ ಮರಳಿ ಬಂದಾಗ ಖರ್ಚಿನ ಲೆಕ್ಕ ಬದಲಾಗಿತ್ತು. 2004ರಲ್ಲಿ ಜಾನ್ ಗ್ರೂಬರ್ ಕೊಟ್ಟ ಮಾರ್ಕ್‌ಡೌನ್‌ನಿಂದ ಸಾದಾ ಅಕ್ಷರಗಳಲ್ಲೇ ಲೇಖನ ಬರೆಯಬಹುದಾಯಿತು. 2005ರ ಗಿಟ್ ತಂತ್ರಾಂಶ ಕಡತಗಳ ಬದಲಾವಣೆಗಳ ಜಾಡು ಹಿಡಿಯಿತು. ಗಿಟ್ ಕಡತಗಳನ್ನು ಇಡುವ ತಾಣವಾದ ಗಿಟ್‌ಹಬ್‌ನ ಸಂಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿ ಜೆಕಿಲ್ ಬರೆದರು. ಅದೇ ವರ್ಷದ ಕೊನೆಗೆ ಗಿಟ್‌ಹಬ್ ಪೇಜಸ್ ಎಂಬ ಸೇವೆ ಜೆಕಿಲ್ ಕಟ್ಟಿದ ಪುಟಗಳನ್ನು ಪುಕ್ಕಟೆಯಾಗಿ ಇಟ್ಟುಕೊಳ್ಳತೊಡಗಿತು. ಕಡತವನ್ನು ಎತ್ತಿ ಕೊಡುವುದಷ್ಟೇ ಸರ್ವರಿನ ಕೆಲಸವಾದ್ದರಿಂದ ಈ ಔದಾರ್ಯ ಅವರ ಕೈಗೆಟುಕುವಂತಿತ್ತು. ಪ್ರತಿಯೊಬ್ಬರಿಗೂ ಒಂದೊಂದು ಡೇಟಾಬೇಸನ್ನು ಪುಕ್ಕಟೆ ಸಾಕುವುದು ಬೇರೆ ಮಾತು. ಭಾರ ತಾಳುವ ಶಕ್ತಿಗೂ ಸಾಕ್ಷ್ಯ ಸಿಕ್ಕಿತು. 2012ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಒಬಾಮಾ ಪ್ರಚಾರ ತಂಡ ದೇಣಿಗೆ ಸಂಗ್ರಹದ ಪುಟಗಳನ್ನು ಜೆಕಿಲ್‌ನಲ್ಲಿ ಕಟ್ಟಿತ್ತು. ಮರುವರ್ಷ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಹೆಲ್ತ್‌ಕೇರ್ ಡಾಟ್ ಗವ್ ತಾಣದ ಮಾಹಿತಿ ಪುಟಗಳೂ ಅದರಲ್ಲೇ ತಯಾರಾದವು. ಅಕ್ಟೋಬರಿನಲ್ಲಿ ಆ ತಾಣ ಮುಗ್ಗರಿಸಿದ್ದು ವಿಮೆಗೆ ನೋಂದಾಯಿಸುವ ಭಾಗದಲ್ಲಿ, ಈ ಪುಟಗಳಲ್ಲಲ್ಲ.

ಇದೆಲ್ಲ ಪ್ರೋಗ್ರಾಮರುಗಳ ಆಟ, ಸಾಮಾನ್ಯ ಬರಹಗಾರನಿಗೆ ವರ್ಡ್‌ಪ್ರೆಸ್ಸೇ ದಾರಿ ಮಾಡಿಕೊಟ್ಟದ್ದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಕಮಾಂಡ್ ಲೈನ್, ರೂಬಿ ಭಾಷೆ, ಗಿಟ್ ಇಷ್ಟನ್ನೂ ಕಲಿತು ಒಂದು ಪ್ರಬಂಧ ಪ್ರಕಟಿಸಿ ಎನ್ನುವುದು ಒರಟುತನ. ಆದರೆ 1999ರ ಬ್ಲಾಗರ್ ಬಳಸಲು ಇವು ಯಾವುವೂ ಬೇಕಿರಲಿಲ್ಲ. ಕಷ್ಟವಿರುವುದು ಜೆಕಿಲ್ ಎಂಬ ಸಲಕರಣೆಯಲ್ಲೇ ಹೊರತು ಪುಟವನ್ನು ಮೊದಲೇ ಕಟ್ಟುವ ಪದ್ಧತಿಯಲ್ಲಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಪುಕ್ಕಟೆ ಜಾಗವೂ ಪರರ ಜಾಗವೇ. ಯಾಹೂ 2009ರ ಅಕ್ಟೋಬರಿನಲ್ಲಿ, ಜನ ಪುಕ್ಕಟೆಯಾಗಿ ಪುಟ ಇಡುತ್ತಿದ್ದ ಜಿಯೋಸಿಟೀಸ್ ಸೇವೆಯನ್ನು ಅಮೆರಿಕದಲ್ಲಿ ಮುಚ್ಚಿತು. 2010ರ ಮೇ ಒಂದರಂದು, ಬಳಸುವವರು ಶೇ. 0.5 ಮಾತ್ರವೆಂದು ಹೇಳಿ, ಅಷ್ಟರಲ್ಲಿ ಬ್ಲಾಗರಿನ ಒಡೆತನ ಪಡೆದಿದ್ದ ಗೂಗಲ್ ಅದರ ಎಫ್‌ಟಿಪಿ ಸೌಲಭ್ಯ ನಿಲ್ಲಿಸಿತು. ಈ ಎರಡನೆಯ ಪ್ರಸಂಗದಲ್ಲಿ ಒಂದು ವ್ಯತ್ಯಾಸವಿದೆ: ಸೇವೆ ನಿಂತರೂ ಕಟ್ಟಿದ ಪುಟಗಳು ಬರೆದವರ ಸರ್ವರಿನಲ್ಲೇ ಉಳಿದವು. ಕಾಮೆಂಟುಗಳ ವಿಚಾರದಲ್ಲಿ ಮಾತ್ರ ಸೋಲನ್ನು ಒಪ್ಪಬೇಕು. ಡಿಸ್ಕಸ್‌ನಂಥ ಹೊರಗಿನ ಸೇವೆಗಳಿಗೆ ಅವನ್ನು ಒಪ್ಪಿಸಿದ ಬ್ಲಾಗುಗಳಲ್ಲಿ ಲೇಖನ ಒಂದು ಕಡೆ, ಚರ್ಚೆ ಇನ್ನೊಬ್ಬರ ಉಗ್ರಾಣದಲ್ಲಿ.

ಕಡತವಿದ್ದರೆ ಬರಹ ಉಳಿಯಿತೆಂದು ಭಾವಿಸುವುದೂ ಆತುರ. ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಅನೇಕ ಜಾಲಪುಟಗಳು ತಮ್ಮತಮ್ಮ ಫಾಂಟುಗಳ ಸಂಕೇತಗಳಲ್ಲಿದ್ದವು. ಆ ಕಡತ ಇಂದಿಗೂ ಅಖಂಡವಾಗಿರಬಹುದು, ಆದರೆ ಫಾಂಟಿಲ್ಲದೆ ತೆರೆದರೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಡೇಟಾಬೇಸಿನ ಕಡೆಯೂ ಅಪಾಯ ಇದ್ದದ್ದೇ; ಅಕ್ಷರಸಂಕೇತ ತಪ್ಪಾಗಿ ಹೊಂದಿಸಿದ ಮೈಎಸ್‌ಕ್ಯೂಎಲ್‌ನಲ್ಲಿ ಕನ್ನಡ ಪಠ್ಯ ಪ್ರಶ್ನೆ ಚಿಹ್ನೆಗಳ ಸಾಲಾಗಿಬಿಡುತ್ತದೆ. ಫಾಂಟಿನ ಸಂಕೇತದ ಕಡತವನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಿರುಗಿಸಬಹುದು. ಪ್ರಶ್ನೆ ಚಿಹ್ನೆಯಾಗಿ ಉಳಿಸಲ್ಪಟ್ಟ ಅಕ್ಷರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.