ಚಕ್ರದ ಅಳತೆ, ಗಾಳಿಯ ಅಳತೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊಲ್ಲಿ ರಾಷ್ಟ್ರದಿಂದ ದೂರವಾಣಿ ಮಾಡಿದ್ದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದ. "ಮಾಷ್ಟ್ರೇ, ಊರಿನಲ್ಲಿ ಓಡಾಡಲಿಕ್ಕೆಂದು ಒಂದು ಸ್ವಿಫ್ಟ್ ಕಾರು ತೆಗೆದುಕೊಂಡಿದ್ದೇನೆ. ಅದಕ್ಕೆ ಹದಿನಾಲ್ಕು ಇಂಚಿನ ಚಕ್ರ. ನೋಡಲಿಕ್ಕೆ ಏನೇನೂ ಚಂದವಿಲ್ಲ. ಹದಿನೇಳು ಇಂಚಿನ ಅಲಾಯ್ ಹಾಕಿಸೋಣವೆಂದಿದ್ದೇನೆ. ನೀವೇನು ಹೇಳುತ್ತೀರಿ?" ನನಗೆ ನಗು ಬಂತು. "ಚರಿತ್ರೆ ಕಲಿಸಿದವನಲ್ಲಿ ಚಕ್ರದ ವಿಷಯ ಕೇಳುತ್ತೀಯಲ್ಲ ಮಾರಾಯಾ!" ಎಂದೆ. "ಚಕ್ರದ ಶೋಧದ ಪಾಠ ಮಾಡಿದ್ದು ನೀವೇ ಅಲ್ಲವೇ?" ಎಂದು ಅವನು ಬಾಯಿ ಮುಚ್ಚಿಸಿದ. ದೂರವಾಣಿಯಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ನಿಮ್ಮಲ್ಲಿ ಅನೇಕರ ಮನೆಯಂಗಳದಲ್ಲಿಯೂ ಇದ್ದೀತು.

ನಮ್ಮ ಕಡೆಯಲ್ಲಿ ರಥಬೀದಿಗೆ ಇಂಗ್ಲಿಷಿನಲ್ಲಿ 'ಕಾರ್ ಸ್ಟ್ರೀಟ್' ಎನ್ನುತ್ತಾರೆ. ಬಾಲ್ಯದಲ್ಲಿ ಆ ಫಲಕವನ್ನು ಓದಿ, ಕಾರುಗಳಿಗೆಂದೇ ಮೀಸಲಾದ ಬೀದಿ ಇರಬೇಕೆಂದು ನಾನು ಭಾವಿಸಿದ್ದೆ. ದೇವರ ತೇರಿಗೂ 'ಕಾರ್' ಎಂಬ ಹೆಸರುಂಟೆಂದು ತಿಳಿದದ್ದು ಎಷ್ಟೋ ವರ್ಷಗಳ ಅನಂತರ. ಉಡುಪಿಯ ಬ್ರಹ್ಮರಥವನ್ನು ನೀವೆಲ್ಲ ನೋಡಿದ್ದೀರಿ. ಅದರ ಶೋಭೆಯೆಲ್ಲ ಇರುವುದು ಮೇಲೆ: ಬಣ್ಣದ ಪತಾಕೆ, ಹೂವಿನ ಮಾಲೆ, ದೀಪದ ಸಾಲು. ಕೆಳಗಿನ ಚಕ್ರವಾದರೋ ದಪ್ಪ ಮರದ ಗಟ್ಟಿ ಚಕ್ರ. ಬಡಗಿ ಅದಕ್ಕೆ ಬಣ್ಣ ಬಳಿದಾನು, ಆದರೆ ಚಂದಕ್ಕಾಗಿ ಅದರ ದಪ್ಪವನ್ನು ತಗ್ಗಿಸಲಾರ. ಇಡೀ ತೇರಿನ ಭಾರ ಹೊರುವುದು ಅದೇ. ಇದಕ್ಕೆ ವಿರುದ್ಧವಾದ ಉದಾಹರಣೆ ಬೇಕಿದ್ದರೆ ಹಂಪೆಯ ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವಿದೆ. ಐವತ್ತು ರೂಪಾಯಿಯ ನೋಟಿನ ಮೇಲೂ ಅದರ ಚಿತ್ರವುಂಟು. ಅದರ ಚಕ್ರಗಳಷ್ಟು ಸುಂದರವಾದವು ವಿರಳ. ಆದರೆ ಆ ರಥ ಎಲ್ಲಿಗೂ ಹೋಗಬೇಕಾಗಿಲ್ಲ!

ಹೋಗಬೇಕಾದ ಗಾಡಿಯ ಮಾತೇ ಬೇರೆ. ಎತ್ತಿನ ಗಾಡಿಯ ಚಕ್ರದ ಎತ್ತರ ಸಾಮಾನ್ಯವಾಗಿ ನಾಲ್ಕರಿಂದ ಐದು ಅಡಿ. ಅಷ್ಟು ಎತ್ತರ ಏಕೆ? ಎತ್ತುಗಳ ಮುಂದೆ ಜಂಬ ಕೊಚ್ಚಿಕೊಳ್ಳುವುದಕ್ಕಲ್ಲ. ದಾರಿಯಲ್ಲಿ ಮುರಕಲ್ಲಿನ ಗುಂಡಿಗಳಿದ್ದವು, ಗದ್ದೆಯ ಬದಿಯ ಕೆಸರಿತ್ತು. ಅರ್ಧ ಅಡಿ ಆಳದ ಗುಂಡಿಯಲ್ಲಿ ಸಣ್ಣ ಚಕ್ರ ಪೂರ್ತಿಯಾಗಿ ಇಳಿದು ಸಿಕ್ಕಿಬೀಳುತ್ತದೆ. ದೊಡ್ಡ ಚಕ್ರ ಅದೇ ಗುಂಡಿಯ ಎರಡು ಅಂಚುಗಳ ಮೇಲೆ ಕೈಯೂರಿದಂತೆ ನಿಂತು ದಾಟಿಬಿಡುತ್ತದೆ. ಚಕ್ರ ದೊಡ್ಡದಾದಷ್ಟೂ ಎತ್ತಿನ ಹೆಗಲಿಗೆ ಹಗುರ. ಅಂಚಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ದರೆ, ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಅಂದರೆ ಚಕ್ರದ ಅಳತೆಯನ್ನು ನಿರ್ಧರಿಸುತ್ತಿದ್ದುದು ದಾರಿ; ಗಾಡಿಯ ಒಡೆಯನಲ್ಲ.

ಮೋಟಾರು ವಾಹನಗಳು ಬಂದಾಗಲೂ ಈ ನಿಯಮ ಬದಲಾಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬಸ್ಸಿನ ಸಂಚಾರಕ್ಕೆ ಹೆಸರಾದ ಸಿ.ಪಿ.ಸಿ. ಕಂಪನಿ ಮಂಗಳೂರಿನಲ್ಲಿ ಹುಟ್ಟಿದ್ದು 1914ರಲ್ಲಿ. ಅಂದಿನ ನಮ್ಮ ಹೆದ್ದಾರಿಯೆಂದರೆ ಕೆಂಪುಮಣ್ಣಿನ ದಾರಿ, ನಡುನಡುವೆ ಸೇತುವೆಯಿಲ್ಲದ ಹೊಳೆಗಳು. ಅದೇ ಕಾಲಕ್ಕೆ ಅಮೆರಿಕದ ಹಳ್ಳಿಗಳ ದಾರಿಯೂ ಇದಕ್ಕಿಂತ ಬಹಳ ಉತ್ತಮವಾಗಿರಲಿಲ್ಲ. ಹಾಗಾಗಿ 1908ರಿಂದ 1927ರವರೆಗೆ ತಯಾರಾದ ಫೋರ್ಡಿನ ಟಿ ಮಾದರಿಯ ಕಾರಿಗೆ 30 ಇಂಚು ಎತ್ತರದ, ಮೂರು, ಮೂರೂವರೆ ಇಂಚಷ್ಟೇ ಅಗಲದ ಟಯರುಗಳಿದ್ದವು. ನೋಡುವುದಕ್ಕೆ ಸೈಕಲ್ಲಿನ ಅಣ್ಣನಂತೆ ಕಾಣುತ್ತಿದ್ದ ಆ ಚಕ್ರ ಕೆಸರನ್ನು ಸೀಳಿಕೊಂಡು ನೆಲದ ಗಟ್ಟಿ ಪದರವನ್ನು ಮುಟ್ಟುತ್ತಿತ್ತು.

ಇಲ್ಲಿ ಗಾಳಿಯ ಕಥೆಯನ್ನು ಸ್ವಲ್ಪ ಹೇಳಬೇಕು. ರಬ್ಬರಿನೊಳಗೆ ಗಾಳಿ ತುಂಬಿ ಚಕ್ರಕ್ಕೆ ತೊಡಿಸುವ ವಿಚಾರಕ್ಕೆ 1845ರಲ್ಲಿಯೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಹಕ್ಕುಪತ್ರ ಪಡೆದಿದ್ದ. ಅದು ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. 1895ರಲ್ಲಿ ಮಿಶೆಲಿನ್ ಸಹೋದರರು ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಮರಳುವ ಸ್ಪರ್ಧೆಯಲ್ಲಿ ಗಾಳಿ ತುಂಬಿದ ಟಯರಿನ ಮೇಲೆ ಕಾರನ್ನು ಓಡಿಸಿ ತೋರಿಸಿದರು. 1923ರ ಹೊತ್ತಿಗೆ ಅಮೆರಿಕದಲ್ಲಿ 'ಬಲೂನ್ ಟಯರು' ಬಂತು: ಒಳಗಿನ ಗಾಲಿ ಚಿಕ್ಕದು, ಹೊರಗಿನ ರಬ್ಬರು ದಪ್ಪ, ಒತ್ತಡ ಕಡಿಮೆ. ಜನರ ಬೆನ್ನಿಗೆ ಅಂದು ಮೊದಲ ಬಾರಿಗೆ ವಿಶ್ರಾಂತಿ ದೊರೆಯಿತೆನ್ನಬಹುದು. ದಾರಿಯ ಪೆಟ್ಟನ್ನು ಮೊದಲು ನುಂಗುವುದು ಕಬ್ಬಿಣವಲ್ಲ, ಸ್ಪ್ರಿಂಗೂ ಅಲ್ಲ. ಆ ರಬ್ಬರಿನ ಗೋಡೆಯೊಳಗಿನ ಗಾಳಿ.

ನಮ್ಮ ದೇಶದ ಕಾರುಗಳನ್ನು ಸ್ಮರಿಸಿಕೊಳ್ಳಿ. 1957ರಿಂದ 2014ರವರೆಗೆ ತಯಾರಾದ ಅಂಬಾಸಿಡರಿಗೆ 15 ಇಂಚಿನ ಗಾಲಿ. ಫಿಯೆಟ್ಟಿಗೆ, ಅಂದರೆ ಮುಂದೆ ಪದ್ಮಿನಿಯಾದ ಕಾರಿಗೆ, 14 ಇಂಚು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ 12 ಇಂಚಿನ ಗಾಲಿಯನ್ನು ನೋಡಿ ಊರಿನ ಹಿರಿಯರು "ಇದು ಮಕ್ಕಳ ಆಟಿಕೆ, ನಮ್ಮ ಗುಂಡಿಗಳಲ್ಲಿ ಮುಳುಗಿಹೋದೀತು" ಎಂದರು. ಮುಳುಗಲಿಲ್ಲ. ಕಾರು ಹಗುರವಾಗಿತ್ತು, ಟಯರಿನ ಗೋಡೆ ಸಾಕಷ್ಟು ಎತ್ತರವಿತ್ತು. ಇಂಗ್ಲೆಂಡಿನಲ್ಲಿ 1959ರಲ್ಲಿ ಅಲೆಕ್ ಇಸಿಗೊನಿಸ್ ರೂಪಿಸಿದ ಮಿನಿ ಕಾರಿಗಂತೂ ಬರೀ 10 ಇಂಚಿನ ಗಾಲಿ. ಚಕ್ರ ನುಂಗುವ ಸ್ಥಳವನ್ನು ಉಳಿಸಿ ಒಳಗೆ ನಾಲ್ಕು ಜನರನ್ನು ಕೂರಿಸುವುದು ಅವನ ಉದ್ದೇಶ. ಈ ಎಲ್ಲ ಅಳತೆಗಳ ಹಿಂದೆಯೂ ಒಂದೊಂದು ಕಾರಣವಿತ್ತು. ಚಂದಕ್ಕೆಂದು ಇದ್ದುದು ಮಿರುಗುವ ಒಂದು ಹಬ್‌ಕ್ಯಾಪ್ ಮಾತ್ರ. ಅದು ಗುಂಡಿಗೆ ಬಿದ್ದು ಕಳಚಿಹೋದರೂ ಕಾರು ಮನೆ ತಲುಪುತ್ತಿತ್ತು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಟಯರಿನ ಬದಿಯಲ್ಲಿ ಮೂರು ಅಂಕೆಗಳಿರುತ್ತವೆ. 165/80 ಆರ್ 14 ಎಂದಿದ್ದರೆ ಟಯರಿನ ಅಗಲ 165 ಮಿಲಿಮೀಟರು, ಗೋಡೆಯ ಎತ್ತರ ಆ ಅಗಲದ ಶೇಕಡಾ 80, ಗಾಲಿಯ ಅಳತೆ 14 ಇಂಚು. ಸ್ವಿಫ್ಟಿನ ಇತ್ತೀಚಿನ ತಲೆಮಾರುಗಳ ಕೆಳದರ್ಜೆಯ ಮಾದರಿಗೆ ಕಂಪನಿ ಕೊಡುವುದು ಇದೇ ಟಯರು. ಮೇಲ್ದರ್ಜೆಯದಕ್ಕೆ 185/65 ಆರ್ 15. ಹದಿನೇಳಕ್ಕೆ ಹೋಗುವುದಾದರೆ 205/45 ಆರ್ 17 ಹಾಕಬೇಕಾದೀತು. ಕಪ್ಪು ಹಲಗೆಯ ಮೇಲೆ ಬರೆದಂತೆ ಲೆಕ್ಕ ಮಾಡೋಣ. ಮೊದಲನೆಯದರಲ್ಲಿ ಗೋಡೆಯ ಎತ್ತರ 132 ಮಿಲಿಮೀಟರು, ಎರಡನೆಯದರಲ್ಲಿ 120, ಮೂರನೆಯದರಲ್ಲಿ ಕೇವಲ 92. ಇನ್ನು ನೆಲದಿಂದ ನೆತ್ತಿಯವರೆಗಿನ ಹೊರ ಅಳತೆ? ಕ್ರಮವಾಗಿ ಸುಮಾರು 620, 622 ಮತ್ತು 616 ಮಿಲಿಮೀಟರು. ಹೆಚ್ಚುಕಡಿಮೆ ಒಂದೇ! ಹಾಗೆ ಒಂದೇ ಆಗಿರಲೂಬೇಕು. ಇಲ್ಲವಾದರೆ ವೇಗ ತೋರಿಸುವ ಮಾಪಕ ಸುಳ್ಳು ಹೇಳುತ್ತದೆ, ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತದೆ.

ನಾನು ಹೇಳಬೇಕೆಂದಿರುವ ಸಂಗತಿ ಇಷ್ಟೇ. ಅಜ್ಜಂದಿರು 'ದೊಡ್ಡ ಚಕ್ರ' ಎಂದಾಗ ಅದು ಹೊರ ಅಳತೆ. ಗುಂಡಿ ದಾಟಿಸುವ ಅಳತೆ. ಇಂದಿನವರು 'ದೊಡ್ಡ ಚಕ್ರ' ಎಂದಾಗ ಅದು ಒಳಗಿನ ಗಾಲಿಯ ಅಳತೆ. ಕಣ್ಣಿಗೆ ಕಾಣುವ ಅಳತೆ. ಹೆಸರೊಂದೇ, ವಸ್ತು ಬೇರೆ. ಹದಿನಾಲ್ಕರಿಂದ ಹದಿನೇಳಕ್ಕೆ ಹೋದಾಗ ಚಕ್ರ ದೊಡ್ಡದಾಗುವುದಿಲ್ಲ, ಗಾಳಿ ಕಡಿಮೆಯಾಗುತ್ತದೆ. ನಾಲ್ಕು ಸೆಂಟಿಮೀಟರು ಗಾಳಿಯನ್ನು ಕೊಟ್ಟು ಲೋಹವನ್ನು ಕೊಂಡಂತೆ.

ದೊಡ್ಡ ಗಾಲಿಯಿಂದ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಅದು ಅನ್ಯಾಯವಾದೀತು. ಗೋಡೆ ಗಿಡ್ಡವಾದರೆ ತಿರುವಿನಲ್ಲಿ ಟಯರು ಬಾಗುವುದು ಕಡಿಮೆ, ಸ್ಟೇರಿಂಗಿನ ಮಾತನ್ನು ಕಾರು ಬೇಗನೆ ಕೇಳುತ್ತದೆ. ಅಗಲವಾದ ಟಯರು ಒಣ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ. ದೊಡ್ಡ ಬ್ರೇಕು ಬೇಕಾದ ಭಾರೀ ಕಾರಿಗೆ ಅದನ್ನು ಹಿಡಿಸುವಷ್ಟು ಗಾಲಿಯೂ ಬೇಕು. ಆದರೆ ಗಾಲಿ ಭಾರವಾದರೆ ಎಂಜಿನ್ನಿಗೆ ದುಡಿಮೆ ಹೆಚ್ಚು, ಇಂಧನದ ಖರ್ಚೂ ಹೆಚ್ಚು. ಅಗಲವಾದ ಟಯರು ನಿಂತ ನೀರಿನ ಮೇಲೆ ಬೇಗನೆ ತೇಲಿ ಹಿಡಿತ ತಪ್ಪುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಸ್ವಾರಸ್ಯವೆಂದರೆ, ಜಗತ್ತಿನ ಅತಿ ವೇಗದ ಫಾರ್ಮುಲಾ ಒನ್ ಕಾರುಗಳು ದಶಕಗಳ ಕಾಲ 13 ಇಂಚಿನ ಗಾಲಿಯ ಮೇಲೆಯೇ ಓಡಿದವು. 2022ರಲ್ಲಿ ಅವು 18 ಇಂಚಿಗೆ ಬದಲಾದವು. ರಸ್ತೆಯ ಕಾರುಗಳನ್ನು ಹೋಲಬೇಕೆಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಚಕ್ರಗಳ ಭಾರ ಹೆಚ್ಚಿತು. ಆದರೆ ಆ ಕಾರುಗಳು ಓಡುವ ಪಥದಲ್ಲಿ ಗುಂಡಿಗಳಿಲ್ಲ.

ಗುಂಡಿಗಳಿರುವುದು ನಮ್ಮಲ್ಲಿ. ಈಗ ಹೇಳುವ ಸಂಗತಿ ಬಂಧುಗಳಿಗೆ ತಿಳಿದದ್ದೇ. ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಒಂದು ರಾತ್ರಿ ಅಕ್ಕನಿಗೆ ಎದೆನೋವು ಕಾಣಿಸಿಕೊಂಡಿತು. ಅವಳ ಮಗ ತನ್ನ ಕಾರನ್ನು ತಂದ. ಎಲ್ಲೂರಿನಿಂದ ಹೆದ್ದಾರಿಗೆ ಇಳಿದು, ಕಾಪು, ಉಡುಪಿ ದಾಟಿ ಮಣಿಪಾಲ ಸೇರಬೇಕು. ಧಾರಾಕಾರ ಮಳೆ. ನೀರು ತುಂಬಿದ ಗುಂಡಿ ಕಾಣಿಸಲಿಲ್ಲ. ಎಡಗಡೆಯ ಮುಂದಿನ ಚಕ್ರ ಬಿತ್ತು, ಹಿಂದೆಯೇ ಹಿಂದಿನ ಚಕ್ರವೂ ಬಿತ್ತು. ಅವನು ಆಸೆಪಟ್ಟು ಹಾಕಿಸಿದ್ದ ಗಿಡ್ಡ ಗೋಡೆಯ ಟಯರುಗಳು ಎರಡೂ ಒಡೆದವು; ಒಂದು ಗಾಲಿ ಬಿರುಕು ಬಿಟ್ಟಿತು. ಕಾರಿನಲ್ಲಿದ್ದ ಹೆಚ್ಚುವರಿ ಚಕ್ರ ಒಂದೇ. "ಮಾವ, ಈಗ ಏನು ಮಾಡುವುದು?" ಎಂದು ಅವನು ಮಳೆಯಲ್ಲಿ ನಿಂತು ಕೇಳಿದ ಸ್ವರ ಇಂದಿಗೂ ನನ್ನ ಕಿವಿಯಲ್ಲಿದೆ. ಮುಕ್ಕಾಲು ಗಂಟೆಯ ಬಳಿಕ ಒಂದು ಆಟೋರಿಕ್ಷಾ ಬಂತು. ಅಕ್ಕನನ್ನು ಆಸ್ಪತ್ರೆಗೆ ತಲುಪಿಸಿದ್ದು ಅದೇ. ಆಟೋರಿಕ್ಷಾದ ಗಾಲಿ ಎಷ್ಟು ಇಂಚು ಗೊತ್ತೇ? ಎಂಟು. ಅದರ ಸುತ್ತ ದಪ್ಪನೆಯ ಟಯರು, ತುಂಬ ಗಾಳಿ.

ಅಕ್ಕ ಗುಣಮುಖಳಾದಳು. ಅಳಿಯನಿಗೆ ನಾನೊಂದು ಮಾತೂ ಅನ್ನಲಿಲ್ಲ. ಅವನು ತಾನಾಗಿಯೇ ಹಳೆಯ ಗಾಲಿಗಳನ್ನು ಮರಳಿ ಹಾಕಿಸಿದ. ಅಕ್ಕ ಮಾತ್ರ ಕೆಲವು ದಿನಗಳ ಮೇಲೆ, "ಆ ಚಕ್ರ ನೋಡಲಿಕ್ಕೆ ಚಂದ ಇತ್ತು, ಪಾಪ" ಎಂದಳು. ಹೌದು, ಚಂದವಿತ್ತು. ಚಂದವನ್ನು ಬಯಸುವುದು ತಪ್ಪೆಂದು ನಾನು ತರಗತಿಯಲ್ಲಿಯೂ ಹೇಳಿದವನಲ್ಲ.

ಆದುದರಿಂದ ನನ್ನ ಸಲಹೆ ಹೀಗಿದೆ. ಹದಿನಾಲ್ಕು ಬಡಕಲಾಗಿ ಕಂಡರೆ ಹದಿನೈದಕ್ಕೆ ಹೋಗು. ಅದೇ ಕಾರಿನ ಮೇಲ್ದರ್ಜೆಗೆ ಕಂಪನಿಯೇ ಆರಿಸಿದ ಅಳತೆ ಅದು. ಗಾಳಿಯ ಗೋಡೆಯಲ್ಲಿ ನೀನು ಕಳೆದುಕೊಳ್ಳುವುದು ಹನ್ನೆರಡು ಮಿಲಿಮೀಟರು ಮಾತ್ರ, ಕಣ್ಣಿಗೂ ತೃಪ್ತಿ. ಕಂಪನಿ ಹೇಳದ ಅಳತೆಗೆ ಹೋಗಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳಿಗೆ ಹೊಂದದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. ಅಪಘಾತವಾದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದಾದೀತು. ಟಯರು ಹೊರಬಲ್ಲ ಭಾರದ ಅಂಕೆಯೂ ಮೂಲದ್ದಕ್ಕಿಂತ ಕಡಿಮೆಯಿರಬಾರದು. ಬಾಗಿಲ ಅಂಚಿನ ಚೀಟಿಯಲ್ಲಿ ಬರೆದಷ್ಟು ಗಾಳಿಯನ್ನು ತಿಂಗಳಿಗೊಮ್ಮೆಯಾದರೂ ನೋಡಿಸು.

ನೀನು ಇರುವ ಮರಳುಗಾಡಿನ ಊರಿನಲ್ಲಿ ರಸ್ತೆ ಕನ್ನಡಿಯಂತಿದೆಯೆಂದು ನೀನೇ ಹೇಳಿದ್ದೆ. ಅಲ್ಲಿ ಹದಿನೇಳು ಶೋಭಿಸೀತು. ಆದರೆ ಈ ಕಾರು ಓಡಬೇಕಾದುದು ಎಲ್ಲೂರು, ಮುದರಂಗಡಿಯ ದಾರಿಯಲ್ಲಿ. ಅದರಲ್ಲಿ ಕೂರುವವರು ಎಪ್ಪತ್ತು ದಾಟಿದ ನಿನ್ನ ತಂದೆತಾಯಿ. ಅವರನ್ನು ಒಮ್ಮೆ ಹಿಂದಿನ ಸೀಟಿನಲ್ಲಿ ಕೂರಿಸಿ ಮಳೆಗಾಲದಲ್ಲಿ ಉಡುಪಿಗೆ ಕರೆದುಕೊಂಡು ಹೋಗಿ ಬಾ. ಅನಂತರ ನೀನೇ ತೀರ್ಮಾನಿಸು. ಊರಿಗೆ ಬಂದಾಗ ಮನೆಗೆ ಬರಲು ಮರೆಯಬೇಡ. ಚಕ್ರ ನೋಡುವ ಆಸೆ ನನಗೂ ಇದೆ.

ಎಲ್ಲರಿಗೂ ಶುಭವಾಗಲಿ.