ಏಕಸ್ವರ ಯಂತ್ರವೂ ಶ್ರುತಿಯ ಪ್ರಶ್ನೆಯೂ

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವದಂದು ಯೋಗಿ ನಾರೇಯಣರ ಕನ್ನಡ, ತೆಲುಗು ಕೀರ್ತನೆಗಳನ್ನು ಕೇಳುವವರು ಒಂದು ಸಂಗತಿಯನ್ನು ಗಮನಿಸಬಹುದು. ಗಾಯಕನ ಕಂಠದಿಂದ ಒಮ್ಮೆಗೆ ಹೊರಡುವುದು ಒಂದೇ ಸ್ವರ. ಆದರೆ ಅವನು ಉಸಿರೆಳೆದುಕೊಳ್ಳುವಾಗಲೂ ಶ್ರುತಿಯು ನಿಲ್ಲುವುದಿಲ್ಲ. ಏಕಸ್ವರ ಅನಲಾಗ್ ಸಿಂಥಸೈಜರಿನ ಇತಿಹಾಸವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಅಮೆರಿಕದ ರಾಬರ್ಟ್ ಮೂಗ್ ಅವರ ಸಂಸ್ಥೆಯು 1970ರಲ್ಲಿ ಹೊರತಂದ ಮಿನಿಮೂಗ್ ಈ ವರ್ಗದ ಪ್ರಸಿದ್ಧ ವಾದ್ಯ. ಅದಕ್ಕೆ ಹಾರ್ಮೋನಿಯಮ್ಮಿನಂತಹ 44 ಮನೆಗಳೂ, ನಾದವನ್ನು ಹುಟ್ಟಿಸುವ ಮೂರು ಆಂದೋಲಕಗಳೂ, ಆ ನಾದವನ್ನು ಸೋಸಿ ಮೃದುಗೊಳಿಸುವ ಒಂದು ಶೋಧಕವೂ ಉಂಟು. ವಿದ್ಯುದೊತ್ತಡವು ಒಂದು ವೋಲ್ಟ್ ಏರಿದರೆ ಸ್ವರವು ಒಂದು ಸ್ಥಾಯಿ ಏರುತ್ತದೆ. ಎರಡು ಮನೆಗಳನ್ನು ಒಟ್ಟಿಗೆ ಒತ್ತಿದರೆ ಕೆಳಗಿನದು ಮಾತ್ರ ನುಡಿಯುತ್ತದೆ. ಬೆಚ್ಚಗಾದಂತೆ ಆಂದೋಲಕಗಳ ಶ್ರುತಿಯು ಅಲುಗುವುದರಿಂದ ಮತ್ತೆ ಮತ್ತೆ ಸರಿಮಾಡಿಕೊಳ್ಳಬೇಕು. ತಂಬೂರಿ ಹಿಡಿದವರಿಗೆ ಇದೇನೂ ಹೊಸ ಕಷ್ಟವಲ್ಲ.

ಒಂದೇ ಸ್ವರ ನುಡಿಯುವುದನ್ನು ಈ ಯಂತ್ರದ ಕೊರತೆಯೆಂದು ಎಣಿಸುವುದುಂಟು. ಹಲವು ಸ್ವರಗಳನ್ನು ಏಕಕಾಲದಲ್ಲಿ ಹೆಣೆಯುವ ಪಾಶ್ಚಾತ್ಯ ಸಂಗೀತದ ದೃಷ್ಟಿಯಿಂದ ಅದು ಸರಿಯಿರಬಹುದು. ನಮ್ಮ ಸಂಗೀತಕ್ಕೆ ಆ ಅಳತೆಗೋಲು ಸಲ್ಲದು. ಹಾರ್ಮೋನಿಯಂ ಹಲವು ಸ್ವರಗಳನ್ನು ಒಟ್ಟಿಗೆ ನುಡಿಯಬಲ್ಲದು. ಆದರೂ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನು ನಿಷೇಧಿಸಿತು. ಸ್ವರದಿಂದ ಸ್ವರಕ್ಕೆ ಜಾರಲಾರದೆಂಬುದು ಅದರ ಮೇಲಿದ್ದ ಮುಖ್ಯ ಆಕ್ಷೇಪಗಳಲ್ಲೊಂದು. ಮಿನಿಮೂಗಿನಲ್ಲಾದರೋ ಜಾರಿಗಾಗಿಯೇ ಒಂದು ತಿರುಗುಗುಂಡಿಯೂ, ಸ್ವರವನ್ನು ಬಾಗಿಸಲು ಎಡಗೈಗೊಂದು ಚಕ್ರವೂ ಇವೆ. ಅದರಿಂದ ವೀಣೆಯ ಗಮಕವೇ ಹೊಮ್ಮುವುದೆಂದು ನಾವು ಹೇಳುವುದಿಲ್ಲ. ಹಾರ್ಮೋನಿಯಮ್ಮಿಗೆ ಮುಚ್ಚಿದ್ದ ಬಾಗಿಲು ಇಲ್ಲಿ ತೆರೆದಿದೆಯೆಂಬುದಷ್ಟೇ ನಮ್ಮ ಮಾತು.

ನಿಜವಾದ ಕೊರತೆ ಬೇರೆಡೆ ಇದೆ. ಮೂರನೆಯ ಆಂದೋಲಕವನ್ನು ಮನೆಗಳ ಹಿಡಿತದಿಂದ ಬಿಡಿಸಲು ಒಂದು ಸ್ವಿಚ್ಚುಂಟು. ಹಾಗೆ ಬಿಡಿಸಿ ಅದನ್ನು ಷಡ್ಜದಲ್ಲಿ ನಿಲ್ಲಿಸಿದರೆ, ಉಳಿದೆರಡು ಆಂದೋಲಕಗಳು ರಾಗವನ್ನು ನುಡಿಯುವಾಗ ಅದು ಶ್ರುತಿಯಂತೆ ಜೊತೆಗೂಡುತ್ತದೆ. ಆದರೆ ಮೂರರ ನಾದವೂ ಹೊರಬರುವುದು ಒಂದೇ ದ್ವಾರದಿಂದ. ಆ ದ್ವಾರವು ತೆರೆದಿರುವುದು ಸಾಮಾನ್ಯವಾಗಿ ಬೆರಳು ಮನೆಯ ಮೇಲಿರುವವರೆಗೆ. ಬೆರಳೆತ್ತಿದರೆ ರಾಗದೊಡನೆ ಶ್ರುತಿಯೂ ಅಡಗುತ್ತದೆ. ಗಾಯಕನ ಮೌನವನ್ನು ತುಂಬುವ ತಂಬೂರಿಯ ಕೆಲಸ ಅದರಿಂದಾಗದು.

ಮೂಗ್ ಯಂತ್ರಗಳು ಭಾರತಕ್ಕೆ ಅಪರಿಚಿತವಾಗಿರಲಿಲ್ಲ. 1969ರಲ್ಲಿಯೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರೊಂದನ್ನು ಅಣಿಗೊಳಿಸಿದ್ದರು. ಬೆಂಗಳೂರಿನಲ್ಲಿ ವಿದ್ಯುನ್ಮಾನವು ಹಿಡಿದ ದಾರಿ ಬೇರೆ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ರಾಗ ನುಡಿಸುವ ಮನೆಗಳು ಅದಕ್ಕೆ ಬೇಕಿರಲಿಲ್ಲ. ಒಮ್ಮೆ ಶ್ರುತಿ ಕೂಡಿಸಿ ಬಿಟ್ಟರೆ, ಗಾಯಕನು ಸುಮ್ಮನಿದ್ದಾಗಲೂ ಅದು ತಾನೇ ಮಿಡಿಯುತ್ತಿತ್ತು.